ಬಣ್ಣ ಹೋದ ಮೇಲೆ ನೀರಲ್ಲಿ ಏನು ಉಳಿಯುತ್ತದೆ?

(ವಿಶ್ವ ಜಲ ದಿನದ ಹೊತ್ತಿಗೆ ಕಲಬುರಗಿಯ ಕಾಲೇಜೊಂದರಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ಮಾತಿಗೆ ಮೊದಲು ಒಂದು ಆಟ ತೋರಿಸುತ್ತೇನೆ. ಈ ಗಾಜಿನ ಬಾಟಲಿಯಲ್ಲಿ ಕಡು ನೀಲಿ ನೀರಿದೆ. ಬಣ್ಣದ ಹೆಸರು ಮೆಥಿಲೀನ್ ಬ್ಲೂ. ಕೆನ್ನೆಯ ಒಳಗಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಒಂದು ಹನಿ ಹಾಕುತ್ತೀರಲ್ಲ, ಅದೇ. ಬಾಟಲಿಯನ್ನು ಇಲ್ಲಿ ಮೇಜಿನ ಮೇಲೆ ಇಡುತ್ತೇನೆ. ಯಾರೂ ಮುಟ್ಟಬೇಡಿ. ಸುಮ್ನೆ ನೋಡ್ತಾ ಇರಿ.

(ಸ್ವಲ್ಪ ಹೊತ್ತಿಗೆ ನೀಲಿ ತೆಳುವಾಗತೊಡಗಿತು. ಆಮೇಲೆ ನೀರೆಲ್ಲ ತಿಳಿಯಾಯಿತು. ಮೇಲುಗಡೆ, ಗಾಳಿ ತಾಗುವ ಕಡೆ ಮಾತ್ರ ಒಂದು ಸಣ್ಣ ನೀಲಿ ಗೆರೆ ಉಳಿಯಿತು. ಹಿಂದಿನ ಬೆಂಚಿನಿಂದ ಚಪ್ಪಾಳೆ ಬಂತು.)

ಬಣ್ಣ ಎಲ್ಲಿ ಹೋಯಿತು? "ಒಡದು ಹೋತ್ರಿ ಮೇಡಂ" ಅಂತ ಯಾರೋ ಅಂದಿರಿ. ಸರಿ, ಮುಂದಿನ ಸಾಲಿನವರು ಒಬ್ಬರು ಬನ್ನಿ. ಬಿರಡೆ ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ.

(ನಾಲ್ಕು ಸಲ ಅಲುಗಾಡಿಸುವಷ್ಟರಲ್ಲಿ ನೀರು ಮತ್ತೆ ಕಡು ನೀಲಿ.)

ಒಂದು ಅಣುವೂ ಒಡೆದಿರಲಿಲ್ಲ, ನೋಡಿದಿರಲ್ಲ. ಬಾಟಲಿಯಲ್ಲಿ ಬಣ್ಣದ ಜೊತೆ ಗ್ಲೂಕೋಸ್ ಮತ್ತು ಕಾಸ್ಟಿಕ್ ಸೋಡಾ ಹಾಕಿದ್ದೆ. ಗ್ಲೂಕೋಸ್ ಬಣ್ಣದ ಅಣುವಿಗೆ ಎಲೆಕ್ಟ್ರಾನ್ ಕೊಟ್ಟಿತು. ಆಗ ಅದು ಬಣ್ಣವಿಲ್ಲದ ರೂಪಕ್ಕೆ ತಿರುಗಿತು. ಅಲುಗಾಡಿಸಿದಾಗ ಗಾಳಿಯ ಆಮ್ಲಜನಕ ಕರಗಿ ಆ ಎಲೆಕ್ಟ್ರಾನ್ ಕಿತ್ತುಕೊಂಡಿತು, ನೀಲಿ ವಾಪಸ್ ಬಂತು. ಇದು ಬಹಳ ಹಳೆಯ ಪ್ರಯೋಗ. ಇವತ್ತು ನಾನು ಹೇಳಬೇಕಾದ್ದಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಗಲಿಲ್ಲ. ಕಣ್ಣಿಗೆ ಬಣ್ಣ ಕಾಣದಿರುವುದು ಒಂದು ವಿಷಯ, ಬಣ್ಣದ ಅಣು ಒಡೆದು ಹೋಗುವುದು ಬೇರೆ ವಿಷಯ, ನೀರು ಬಳಸಲು ಯೋಗ್ಯ ಆಗುವುದು ಮೂರನೆಯ ವಿಷಯ. ಗ್ರಾಫೀನ್ ಅನ್ನೋ ಇಂಗಾಲದ ತೆಳು ಹಾಳೆ ಬಣ್ಣದ ನೀರನ್ನು ಶುದ್ಧ ಮಾಡುತ್ತದೆ ಅಂತ ಪೇಪರ್‌ನಲ್ಲಿ, ಯೂಟ್ಯೂಬ್‌ನಲ್ಲಿ ಬರುವ ಸುದ್ದಿಗಳಲ್ಲಿ ಈ ಮೂರನ್ನೂ ಒಂದೇ ಮಾಡಿ ಹೇಳುತ್ತಾರೆ. ನನ್ನ ತಕರಾರು ಅಷ್ಟೇ.

ಇದನ್ನು ಕಲಬುರಗಿಯಲ್ಲಿ ಯಾಕೆ ಮಾತಾಡಬೇಕು? 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 7 ಪಿಎಂ ಮಿತ್ರ ಜವಳಿ ಪಾರ್ಕ್‌ಗಳನ್ನು ಘೋಷಿಸಿತು. ಕರ್ನಾಟಕಕ್ಕೆ ಬಂದ ಒಂದೇ ಒಂದು ಪಾರ್ಕ್ ನಮ್ಮ ಕಲಬುರಗಿಗೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಹೊಲಿಯುವುದು ಎಲ್ಲ ಒಂದೇ ಕಡೆ ಆಗಬೇಕು ಅನ್ನೋದು ಆ ಯೋಜನೆಯ ಲೆಕ್ಕ. ನಮ್ಮ ಹುಡುಗ ಹುಡುಗಿಯರು ಪುಣೆ, ಮುಂಬೈ, ಹೈದರಾಬಾದ್ ಅಂತ ದುಡಿಯಲು ಹೋಗುವುದು ಕಡಿಮೆ ಆಗುವುದಾದರೆ ನನಗೂ ಖುಷಿಯೇ. ಆದರೆ ಬಟ್ಟೆಗೆ ಬಣ್ಣ ಹಾಕುವ ಕಡೆ ಬಣ್ಣದ ನೀರು ಹೊರಗೆ ಬಂದೇ ಬರುತ್ತದೆ. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳಲ್ಲಿ ಹತ್ತರಲ್ಲಿ ಎರಡು ಮೂರು ಪಾಲು ಬಟ್ಟೆಗೆ ಹತ್ತದೆ ನೀರಲ್ಲೇ ಉಳಿಯುವುದು ಮಾಮೂಲಿ. ತಿರುಪ್ಪೂರಿನ ಕತೆ ನಿಮಗೆ ಗೊತ್ತಿರಬಹುದು. ಅಲ್ಲಿನ ನೊಯ್ಯಲ್ ನದಿ ಬಣ್ಣದ ಕಾರ್ಖಾನೆಗಳ ನೀರಿನಿಂದ ಕೆಟ್ಟು ಹೋಗಿ, ಕೆಳಗಿನ ರೈತರು ಕೋರ್ಟಿಗೆ ಹೋಗಿ, ಕೊನೆಗೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು. ನಮ್ಮ ಪಾರ್ಕ್ ಇನ್ನೂ ಬರಬೇಕು. ಕೇಳುವ ಪ್ರಶ್ನೆಗಳನ್ನು ಈಗಲೇ ಕಲಿತಿಟ್ಟುಕೊಳ್ಳೋಣ ಅಂತ ಈ ಮಾತು.

ಬಟ್ಟೆಯ ಬಣ್ಣ ಯಾಕೆ ಇಷ್ಟು ಹಠಮಾರಿ? ಹಾಗೆ ಇರಲಿ ಅಂತಲೇ ಅದನ್ನು ಮಾಡಿರುತ್ತಾರೆ. 1856ರಲ್ಲಿ ವಿಲಿಯಂ ಪರ್ಕಿನ್ ಅನ್ನೋ 18 ವರ್ಷದ ಹುಡುಗ ಲಂಡನ್‌ನಲ್ಲಿ ಮಲೇರಿಯಾ ಔಷಧಿ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ಕೃತಕ ಬಣ್ಣಗಳ ಉದ್ಯಮ ಶುರುವಾದದ್ದು ಅಲ್ಲಿಂದ. ಅವತ್ತಿನಿಂದ ಗಿರಾಕಿ ಕೇಳುವುದು ಒಂದೇ: ಬಿಸಿಲಿಗೆ ಮಾಸಬಾರದು, ಸೋಪಿಗೆ ಹೋಗಬಾರದು, ಬೆವರಿಗೆ ಇಳಿಯಬಾರದು. ಹಾಗೆ ಗಟ್ಟಿ ಮಾಡಿದ ಅಣು ಚರಂಡಿಗೆ ಬಿದ್ದ ಮೇಲೆ ಮೆತ್ತಗಾಗುವುದಿಲ್ಲ. ಕೊಳಚೆ ನೀರಿನ ಬ್ಯಾಕ್ಟೀರಿಯಾಗಳಿಗೂ ಅದು ಸುಲಭಕ್ಕೆ ಜೀರ್ಣ ಆಗುವುದಿಲ್ಲ. ಬಳಕೆಯಲ್ಲಿರುವ ಬಣ್ಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಜೋ ಬಣ್ಣಗಳು, ಅಂದರೆ ಎರಡು ನೈಟ್ರೋಜನ್ ಪರಮಾಣುಗಳು ಜೋಡಿಯಾಗಿ ಕೂತ ಬಣ್ಣಗಳು. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಆ ಜೋಡಿ ಮುರಿಯುತ್ತದೆ, ಬಣ್ಣವೂ ಹೋಗುತ್ತದೆ. ಆದರೆ ಹಿಂದೆ ಉಳಿಯುವ ಅಮೀನ್‌ಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ತಿಳಿ ನೀರು ಬಣ್ಣದ ನೀರಿಗಿಂತ ಅಪಾಯ ಆಗುವುದೂ ಉಂಟು.

ಗೋಬಿ ಮಂಚೂರಿ ಪ್ರಸಂಗ ನೆನಪಿದೆಯಲ್ಲ? 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಆಯಿತು. ಅಲ್ಲಿ ಸಿಕ್ಕಿದ್ದ ರೋಡಮೈನ್ ಬಿ ಮೂಲತಃ ಬಟ್ಟೆಗೆ, ಕಾಗದಕ್ಕೆ ಹಾಕುವ ಗುಲಾಬಿ ಬಣ್ಣ. ನಮ್ಮ ಪ್ರಯೋಗಶಾಲೆಗಳಲ್ಲಿ ಮೆಥಿಲೀನ್ ಬ್ಲೂ ಬಿಟ್ಟರೆ ಜಾಸ್ತಿ ಪರೀಕ್ಷೆಗೆ ಒಳಗಾಗುವುದು ಅದೇ.

ಈಗ ಬಣ್ಣ ಒಡೆಯುವ ಕೆಲಸಕ್ಕೆ ಬರೋಣ. ಹಳೆಯ ಬಿಳಿ ಪೇಂಟ್ ಗೋಡೆಗೆ ಒರಗಿದಾಗ ಅಂಗಿಗೆ ಬಿಳಿ ಪುಡಿ ಹತ್ತುತ್ತದೆ. ನಮ್ಮ ಊರ ಬಿಸಿಲಿಗೆ ದಕ್ಷಿಣ ದಿಕ್ಕಿನ ಗೋಡೆಗಳಲ್ಲಿ ಇದು ಇನ್ನೂ ಬೇಗ. ಪೇಂಟ್‌ಗೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಸೂರ್ಯನ ಅತಿನೇರಳೆ ಬೆಳಕು ಬಿದ್ದಾಗ ಅದು ತನ್ನನ್ನು ಹಿಡಿದಿಟ್ಟ ಅಂಟನ್ನೇ ಸ್ವಲ್ಪ ಸ್ವಲ್ಪ ಸುಡುತ್ತದೆ. ಅಂಟು ಹೋದ ಮೇಲೆ ಪುಡಿ ಉದುರುತ್ತದೆ. ಪೇಂಟ್ ಕಂಪನಿಗಳಿಗೆ ಇದು ದೊಡ್ಡ ತಲೆನೋವು. ಅದಕ್ಕೇ ಅವರು ಆ ಕಣಗಳಿಗೆ ಸಿಲಿಕಾ, ಅಲ್ಯುಮಿನಾ ಲೇಪ ಕೊಡುತ್ತಾರೆ. ಅವರ ತಲೆನೋವೇ ನಮ್ಮ ಉಪಾಯ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಇದೇ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆಯಬಹುದು ಅಂತ ತೋರಿಸಿದರು. ಅಲ್ಲಿಂದ ಬೆಳಕು ಕುಡಿದು ಕೆಲಸ ಮಾಡುವ ವೇಗವರ್ಧಕಗಳ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕು ಮಾಡುವ ವಸ್ತುಗಳ) ಹಿಂದೆ ಜಗತ್ತು ಬಿತ್ತು.

ಕೆಲಸ ನಡೆಯುವ ಬಗೆ ಇದು. ಬೆಳಕಿನ ಕಣ ಬಿದ್ದಾಗ ಒಳಗಿನ ಒಂದು ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಜಿಗಿಯುತ್ತದೆ. ಅದು ಬಿಟ್ಟ ಜಾಗ ಖಾಲಿ ಉಳಿಯುತ್ತದೆ, ಅದನ್ನು ರಂಧ್ರ ಅನ್ನುತ್ತೇವೆ. ಜಿಗಿಯಲು ಬೇಕಾದ ಶಕ್ತಿ 3.2 ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿ ಇರುವುದು 387 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗದ ಬೆಳಕಿಗೆ ಮಾತ್ರ, ಅಂದರೆ ಅತಿನೇರಳೆಗೆ. ರಂಧ್ರ ಪಕ್ಕದ ನೀರಿನಿಂದ ಎಲೆಕ್ಟ್ರಾನ್ ಕಿತ್ತು, ಸಿಕ್ಕಿದ್ದರ ಮೇಲೆ ಬೀಳುವ ಅಣುವಿನ ತುಂಡು, ಅಂದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಮೇಲೆ ಹೋದ ಎಲೆಕ್ಟ್ರಾನ್ ಕರಗಿದ ಆಮ್ಲಜನಕಕ್ಕೆ ಸೇರಿ ಸೂಪರ್ಆಕ್ಸೈಡ್ ಮಾಡುತ್ತದೆ. ಎರಡೂ ಬಣ್ಣದ ಅಣುವಿನ ಮೇಲೆ ಬೀಳುತ್ತವೆ. ಹೈಡ್ರಾಕ್ಸಿಲ್ ಅಂತೂ ಕ್ಲೋರಿನ್, ಓಜೋನ್‌ಗಿಂತ ಜೋರು. ಎದುರು ಯಾವ ಸಾವಯವ ಅಣು ಸಿಕ್ಕಿದರೂ ಬಿಡುವುದಿಲ್ಲ. ಪೂರ್ತಿ ಕೆಲಸ ಆದರೆ ಬಣ್ಣ ಇಂಗಾಲದ ಡೈಆಕ್ಸೈಡ್, ನೀರು, ಒಂದಿಷ್ಟು ನೈಟ್ರೇಟ್, ಸಲ್ಫೇಟ್ ಆಗಿ ಮುಗಿಯಬೇಕು.

ಆದರೆ ಮುಗಿಯುವುದಿಲ್ಲ. ಮೊನ್ನೆ ಶರಣಬಸವೇಶ್ವರ ಅಪ್ಪನ ಜಾತ್ರೆಗೆ ಹೋಗಿದ್ದಿರಿ ಅಲ್ವಾ? ರಥ ಎಳೆಯುವ ಹೊತ್ತಿನ ಗದ್ದಲದಲ್ಲಿ ಅವ್ವನ ಕೈ ಬಿಟ್ಟ ಕೂಸು ಎರಡು ಹೆಜ್ಜೆ ಹೋಗಿ ಹೆದರಿ ವಾಪಸ್ ಓಡಿ ಬಂದು ಸೆರಗು ಹಿಡಿಯುತ್ತದೆ. ಎಲೆಕ್ಟ್ರಾನ್ ಕೂಡ ಹಾಗೇ. ಜಿಗಿದವುಗಳಲ್ಲಿ ಹೆಚ್ಚಿನವು ಕಣ್ಣು ಮಿಟುಕಿಸುವ ಮೊದಲೇ ತಮ್ಮ ರಂಧ್ರಕ್ಕೆ ವಾಪಸ್ ಬೀಳುತ್ತವೆ. ಬೆಳಕಿನ ಶಕ್ತಿ ಸುಮ್ನೆ ಬಿಸಿಯಾಗಿ ಹಾಳಾಗುತ್ತದೆ. ಕೂಸು ತಿರುಗುವ ಮೊದಲೇ ಕಾಕಾನೋ ಮಾಮಾನೋ ಎತ್ತಿಕೊಂಡು ತೊಟ್ಟಿಲ ಕಡೆ ನಡೆದರೆ? ಆ ಕಾಕಾನ ಕೆಲಸ ಮಾಡುವುದೇ ಗ್ರಾಫೀನ್.

ಗ್ರಾಫೀನ್ ಅಂದರೆ ಇಂಗಾಲದ ಒಂದೇ ಪರಮಾಣು ದಪ್ಪದ ಹಾಳೆ. ಪೆನ್ಸಿಲ್ಲಿನ ಗ್ರಾಫೈಟ್ ಅಂದರೆ ಇಂಥ ಹಾಳೆಗಳ ಕಟ್ಟು. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಂದ್ರೆ ಗೀಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಅಂಟು ಟೇಪ್ ಹಚ್ಚಿ ಕಿತ್ತು ಅದನ್ನು ಬೇರೆ ಮಾಡಿದರು. 2010ರಲ್ಲಿ ಅವರಿಗೆ ನೊಬೆಲ್ ಬಂತು. ಒಂದು ಗ್ರಾಂ ಗ್ರಾಫೀನ್ ಎರಡೂ ಬದಿ ಬಿಚ್ಚಿ ಹರಡಿದರೆ ಲೆಕ್ಕಕ್ಕೆ 2630 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 26 ಗುಂಟೆ. ಅಷ್ಟು ಜಾಗದಲ್ಲಿ ಎಲೆಕ್ಟ್ರಾನ್‌ಗಳು ಅಡೆತಡೆ ಇಲ್ಲದೆ ಓಡುತ್ತವೆ. ಟೈಟಾನಿಯಂ ಡೈಆಕ್ಸೈಡ್ ಕಣಗಳನ್ನು ಈ ಹಾಳೆಯ ಮೇಲೆ ಕೂರಿಸಿದರೆ, ಜಿಗಿದ ಎಲೆಕ್ಟ್ರಾನ್ ಹಾಳೆಗೆ ಇಳಿದು ದೂರ ಹೋಗುತ್ತದೆ. ಇತ್ತ ರಂಧ್ರಕ್ಕೆ ತನ್ನ ಕೆಲಸಕ್ಕೆ ಬಿಡುವು ಸಿಗುತ್ತದೆ. ಇನ್ನೊಂದು ಲಾಭ: ಬಣ್ಣದ ಅಣುವಿನಲ್ಲೂ ಗ್ರಾಫೀನ್‌ನಂತೆ ಇಂಗಾಲದ ಉಂಗುರಗಳಿರುತ್ತವೆ. ಚಪ್ಪಟೆ ಉಂಗುರಗಳು ಒಂದರ ಮೇಲೊಂದು ಹೊಂದಿ ಕೂರುತ್ತವೆ. ಹಾಗಾಗಿ ಬಣ್ಣ ತಾನೇ ಬಂದು ವೇಗವರ್ಧಕದ ಪಕ್ಕಕ್ಕೆ ಅಂಟುತ್ತದೆ. ಹುಡುಕಿಕೊಂಡು ಹೋಗುವ ಕೆಲಸ ಇಲ್ಲ.

2010ರಲ್ಲಿ ಚೀನಾದ ಒಂದು ತಂಡ ಪೇಟೆಯಲ್ಲಿ ಸಿಗುವ ಪಿ25 ಅನ್ನೋ ಟೈಟಾನಿಯಂ ಡೈಆಕ್ಸೈಡ್‌ಗೆ ಗ್ರಾಫೀನ್ ಕೂಡಿಸಿ ಮೆಥಿಲೀನ್ ಬ್ಲೂ ಬೇಗ ಹೋಗುತ್ತದೆ ಅಂತ ತೋರಿಸಿತು. ಆಮೇಲೆ ಬಂದ ಪ್ರಬಂಧಗಳಿಗೆ ಲೆಕ್ಕವೇ ಇಲ್ಲ. ಸತುವಿನ ಆಕ್ಸೈಡ್, ಬಿಸ್ಮತ್, ಬೆಳ್ಳಿ, ಕಬ್ಬಿಣದ ಫೆರೈಟ್, ಯಾವುದನ್ನೂ ಬಿಟ್ಟಿಲ್ಲ. ಅದೇ 2010ರಲ್ಲಿ, ಅದೇ ಪತ್ರಿಕೆಯಲ್ಲಿ ಫುಝೌ ವಿಶ್ವವಿದ್ಯಾಲಯದ ತಂಡ ಇನ್ನೊಂದು ಪ್ರಬಂಧ ಬರೆಯಿತು. ಅವರ ಪ್ರಶ್ನೆ ನೇರವಾಗಿತ್ತು: ಗ್ರಾಫೀನ್ ನಿಜವಾಗಿಯೂ ಬೇರೆ ಇಂಗಾಲಗಳಿಗಿಂತ ಭಿನ್ನವೇ? ಅವರು ಗಾಳಿಯಲ್ಲಿನ ಬೆಂಜೀನ್ ಮೇಲೆ ಪ್ರಯೋಗ ಮಾಡಿ, ಇಂಗಾಲದ ನಳಿಕೆ, ಸಕ್ರಿಯ ಇದ್ದಿಲು ಕೂಡಿಸಿದರೂ ಸಾರದಲ್ಲಿ ಆಗುವುದು ಇದೇ ಅಂದರು. ನನಗೆ ಆ ಪ್ರಬಂಧ ಬಹಳ ಇಷ್ಟ. ಹೊಸ ಸಾಮಾನಿನ ಜೋಶ್ ಏರಿದ್ದ ಹೊತ್ತಿನಲ್ಲಿ ಅಂಥ ಪ್ರಶ್ನೆ ಕೇಳೋಕೆ ಧೈರ್ಯ ಬೇಕು.

ಗ್ರಾಫೀನ್ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಅದು ಕಪ್ಪು ವಸ್ತು. ಒಂದು ಹಾಳೆಯೇ ಬೆಳಕಿನ 2.3 ಶೇಕಡಾ ನುಂಗುತ್ತದೆ, ಹಾಳೆಗಳು ಒಟ್ಟಿಕೊಂಡರೆ ಕೇಳುವುದೇ ಬೇಡ. ತೂಕದಲ್ಲಿ ನೂರಕ್ಕೆ ಒಂದರಿಂದ ಐದು ಪಾಲು ಇದ್ದಾಗ ಸಾಮಾನ್ಯವಾಗಿ ಕೆಲಸ ಚೆನ್ನ. ಅದಕ್ಕಿಂತ ಮೇಲೆ ಹೋದರೆ ವೇಗವರ್ಧಕಕ್ಕೆ ಬೆಳಕೇ ಸಿಗುವುದಿಲ್ಲ.

ನಮ್ಮಲ್ಲಿ ಬಿಸಿಲಿಗೇನು ಕಮ್ಮಿ ಅಂತ ನೀವು ಕೇಳಬಹುದು. ಬಿಸಿ ಬೇರೆ, ಬೆಳಕು ಬೇರೆ. ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟಬಹುದು, ಆದರೆ ಸೂರ್ಯನ ಬೆಳಕಿನಲ್ಲಿ ಅತಿನೇರಳೆ ಪಾಲು 4-5 ಶೇಕಡಾ ಮಾತ್ರ. ಉಳಿದ ಬೆಳಕನ್ನೂ ದುಡಿಸಿಕೊಳ್ಳಬೇಕು ಅಂತಲೇ ಗ್ರಾಫೀನ್ ಮಿಶ್ರಣಗಳ ಮೇಲೆ ಇಷ್ಟು ಕೆಲಸ ನಡೆದಿರುವುದು. ಇಲ್ಲೇ ಒಂದು ಮೋಸವೂ ಇದೆ. ಬಣ್ಣ ತಾನೇ ಕಣ್ಣಿಗೆ ಕಾಣುವ ಬೆಳಕನ್ನು ಹೀರುತ್ತದೆ, ತನ್ನ ಎಲೆಕ್ಟ್ರಾನನ್ನು ವೇಗವರ್ಧಕಕ್ಕೆ ದಾಟಿಸಿ ತಾನೇ ಕೆಡುತ್ತದೆ. ಅದನ್ನು ನೋಡಿ "ನಮ್ಮ ವೇಗವರ್ಧಕ ಸಾದಾ ಬೆಳಕಲ್ಲೂ ಕೆಲಸ ಮಾಡುತ್ತದೆ" ಅಂತ ಬರೆದರೆ ಅದು ಅರ್ಧ ಸತ್ಯ. ಫೀನಾಲ್‌ನಂಥ ಬಣ್ಣವಿಲ್ಲದ ವಸ್ತು ಹಾಕಿ ನೋಡಿದರೆ ಗುಟ್ಟು ಹೊರಗೆ ಬರುತ್ತದೆ. ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿ ಔಷಧಿ, ರಾಸಾಯನಿಕ ಕಾರ್ಖಾನೆಗಳಿವೆ. ಅಂಥ ಕೆಲಸದಲ್ಲಿ ಬರುವ ಕೊಳೆಗೆ ಬಣ್ಣ ಇರಲೇಬೇಕು ಅಂತಿಲ್ಲ. ಹಾಗಾಗಿ ಈ ಪರೀಕ್ಷೆ ನಮ್ಮ ಭಾಗಕ್ಕೆ ಬರೀ ಪುಸ್ತಕದ ಮಾತಲ್ಲ.

ಪ್ರಯೋಗಶಾಲೆಯಲ್ಲಿ ಏನು ಮಾಡುತ್ತಾರೆ ಅಂತ ಹತ್ತಿರದಿಂದ ನೋಡೋಣ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 10 ಮಿಲಿಗ್ರಾಂ ಮೆಥಿಲೀನ್ ಬ್ಲೂ. ಅದರಲ್ಲಿ ಚಿಟಿಕೆ ವೇಗವರ್ಧಕ. ಮೊದಲು ಕತ್ತಲಲ್ಲಿ ಅರ್ಧ ತಾಸು ತಿರುಗಿಸಬೇಕು, ಯಾಕೆಂದರೆ ಗ್ರಾಫೀನ್‌ಗೆ ಬಣ್ಣ ಅಂಟುತ್ತದೆ ಅಂದೆನಲ್ಲ, ಆ ಅಂಟುವಿಕೆ ಮುಗಿಯಬೇಕು. ಆಮೇಲೆ ಬೆಳಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಸ್ವಲ್ಪ ನೀರು ತೆಗೆದು, ಪುಡಿ ಬೇರೆ ಮಾಡಿ, 664 ನ್ಯಾನೊಮೀಟರ್‌ನಲ್ಲಿ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುತ್ತಾರೆ. ಗೆರೆ ಇಳಿಯುತ್ತಾ ಹೋಗುತ್ತದೆ. "98 ಶೇಕಡಾ ಬಣ್ಣ ನಾಶ" ಅಂತ ತಲೆಬರಹ ಸಿದ್ಧ. ಕತ್ತಲಲ್ಲಿ ಎಷ್ಟು ಇಳಿಯಿತು ಅಂತ ಬೇರೆ ಹೇಳದಿದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ. ಬಣ್ಣದ ನೀರಿಗೆ ಇದ್ದಿಲ ಪುಡಿ ಹಾಕಿ ಕಪಾಟಿನಲ್ಲಿಟ್ಟರೂ ನೀರು ತಿಳಿಯಾಗುತ್ತದೆ. ಬಣ್ಣ ಇದ್ದಿಲಿಗೆ ಹತ್ತಿ ಕೂತಿರುತ್ತದೆ, ಅಷ್ಟೇ.

ಗೆರೆ ಇಳಿದ ಮೇಲೂ ಎರಡು ಪರೀಕ್ಷೆ ಬಾಕಿ ಇರುತ್ತವೆ. ಒಂದು, ನೀರಲ್ಲಿ ಒಟ್ಟು ಸಾವಯವ ಇಂಗಾಲ ಎಷ್ಟು ಉಳಿದಿದೆ ಅನ್ನೋದು. ಮೆಥಿಲೀನ್ ಬ್ಲೂ ಒಡೆಯುವಾಗ ಮೊದಲು ಅದರ ತುದಿಯ ಮೀಥೈಲ್ ಗುಂಪುಗಳು ಒಂದೊಂದಾಗಿ ಉದುರುತ್ತವೆ, ಆಮೇಲೆ ನಡುವಿನ ಉಂಗುರ ಒಡೆಯುತ್ತದೆ, ಆಮೇಲೆ ಸಣ್ಣ ಸಣ್ಣ ಆಮ್ಲಗಳು. ಬಣ್ಣ ಪೂರ್ತಿ ಹೋದ ಹೊತ್ತಿಗೂ ಇಂಗಾಲದಲ್ಲಿ ದೊಡ್ಡ ಪಾಲು ನೀರಲ್ಲೇ ಇರುವುದು ಸಾಮಾನ್ಯ. ಎರಡನೆಯದು, ಆ ನೀರಿಗೆ ಜೀವ ತಡೆಯುತ್ತದೆಯೇ ಅನ್ನೋದು. ಇದಕ್ಕೆ ದುಬಾರಿ ಯಂತ್ರ ಬೇಡ. ಎರಡು ತಟ್ಟೆ, ಒದ್ದೆ ಕಾಗದ, ಹೆಸರುಕಾಳು ಸಾಕು. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ಬಣ್ಣ ತೆಗೆದ ನೀರು. ಎಷ್ಟು ಕಾಳು ಮೊಳೆತವು, ಬೇರು ಎಷ್ಟು ಉದ್ದ ಬಂತು ಅಂತ ಸ್ಕೇಲ್ ಹಿಡಿದು ಅಳೆದು ಬರೆದುಕೊಳ್ಳಿ.

ಈಗ ಡಿಸ್ಟಿಲ್ಡ್ ವಾಟರ್ ಬಿಟ್ಟು ನಮ್ಮ ನೀರಿಗೆ ಬನ್ನಿ. ಶಹಾಬಾದ, ವಾಡಿ, ಸೇಡಂ ಕಡೆ ನೆಲದಡಿ ಸುಣ್ಣದ ಕಲ್ಲು. ಶಹಾಬಾದ ಹಾಸುಗಲ್ಲು ನಮ್ಮ ಅರ್ಧ ಊರಿನ ನೆಲಕ್ಕಿದೆ, ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಆ ಕಲ್ಲಿಗಾಗಿಯೇ. ಆ ಕಲ್ಲಿನ ಸಂದಿಯಿಂದ ಬಂದ ಬೋರ್ ನೀರಿನಲ್ಲಿ ಬೈಕಾರ್ಬೊನೇಟ್ ದಂಡಿಯಾಗಿ ಇರುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದು ಅದರಿಂದಲೇ. ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗೆ ಈ ಬೈಕಾರ್ಬೊನೇಟ್ ಅಡ್ಡ ಬರುತ್ತದೆ. ರ‍್ಯಾಡಿಕಲ್ ಅದರ ಮೇಲೆ ಬಿದ್ದು, ತಾನು ಸತ್ತು, ತುಂಬ ಸಾಧುವಾದ ಕಾರ್ಬೊನೇಟ್ ರ‍್ಯಾಡಿಕಲ್ ಉಳಿಸುತ್ತದೆ. ಬಣ್ಣದ ಪಾಲಿಗೆ ಬಂದ ಏಟು ದಾರಿಯಲ್ಲೇ ಖರ್ಚು.

ಬಣ್ಣದ ಕಾರ್ಖಾನೆಯ ನೀರಲ್ಲಂತೂ ಇನ್ನೂ ಕಷ್ಟ. ಹತ್ತಿಗೆ ರಿಯಾಕ್ಟಿವ್ ಬಣ್ಣ ಹತ್ತಬೇಕಾದರೆ ತೊಟ್ಟಿಗೆ ಸೋಡಾ ಬೂದಿ ಹಾಕಬೇಕು. ಅದು ಕಾರ್ಬೊನೇಟ್, ರ‍್ಯಾಡಿಕಲ್‌ಗಳನ್ನು ನುಂಗುವುದರಲ್ಲಿ ಬೈಕಾರ್ಬೊನೇಟ್‌ಗಿಂತ 40 ಪಟ್ಟಿಗೂ ಜಾಸ್ತಿ ವೇಗ. ಸಾಲದು ಅಂತ ಲೀಟರ್‌ಗೆ ಹತ್ತಾರು ಗ್ರಾಂ ಉಪ್ಪು. ಕ್ಷಾರದ ನೀರಲ್ಲಿ ಟೈಟಾನಿಯಂ ಡೈಆಕ್ಸೈಡ್ ಕಣದ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಮೆಥಿಲೀನ್ ಬ್ಲೂ ಧನ ಅಂಶದ ಬಣ್ಣ, ಹಾಗಾಗಿ ಅದು ಖುಷಿಯಿಂದ ಬಂದು ಅಂಟುತ್ತದೆ. ರಿಯಾಕ್ಟಿವ್ ಬಣ್ಣಗಳು ಋಣ ಅಂಶದವು. ಅವು ಕಣವನ್ನು ಕಂಡರೆ ದೂರ ಸರಿಯುತ್ತವೆ. ನೀರು ಕಡು ಬಣ್ಣದ್ದಾದರೆ ಬೆಳಕು ಒಂದೆರಡು ಬೆರಳು ಆಳಕ್ಕೂ ಇಳಿಯುವುದಿಲ್ಲ. ಪ್ರಬಂಧಗಳಲ್ಲಿ ಗೆಲ್ಲುವ ಪುಡಿ ಕಾರ್ಖಾನೆಯ ತೊಟ್ಟಿಯಲ್ಲಿ ಸೋಲುವುದು ಇದರಿಂದ. ಪುಡಿ ಕೆಟ್ಟದ್ದಲ್ಲ. ನಾವು ಅದಕ್ಕೆ ಹಗುರವಾದ ಪರೀಕ್ಷೆ ಇಟ್ಟಿದ್ದೆವು.

ಇನ್ನು ಈ ಪುಡಿ ಮಾಡುವ ರೀತಿ. ನೀರಿನ ಕೆಲಸಕ್ಕೆ ಟೇಪಿನ ಗ್ರಾಫೀನ್ ಯಾರೂ ಬಳಸುವುದಿಲ್ಲ, ಆಮ್ಲಜನಕ ಸೇರಿದ ಗ್ರಾಫೀನ್, ಅಂದರೆ ಗ್ರಾಫೀನ್ ಆಕ್ಸೈಡ್‌ನಿಂದ ಶುರು ಮಾಡುತ್ತಾರೆ. 1958ರಲ್ಲಿ ಹಮ್ಮರ್ಸ್ ಮತ್ತು ಆಫೆಮನ್ ಕೊಟ್ಟ ವಿಧಾನವೇ ಇವತ್ತಿಗೂ ಎಲ್ಲ ಕಡೆ ನಡೆಯುತ್ತದೆ, ಸಣ್ಣಪುಟ್ಟ ಬದಲಾವಣೆಗಳೊಂದಿಗೆ. ಅವರ ಮೂಲ ಲೆಕ್ಕ ಕೇಳಿ: 100 ಗ್ರಾಂ ಗ್ರಾಫೈಟ್‌ಗೆ 2.3 ಲೀಟರ್ ತೀವ್ರ ಗಂಧಕಾಮ್ಲ, 50 ಗ್ರಾಂ ಸೋಡಿಯಂ ನೈಟ್ರೇಟ್, 300 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್. ಐಸ್ ಮೇಲಿಟ್ಟು ಪರ್ಮಾಂಗನೇಟನ್ನು ಚಮಚ ಚಮಚವಾಗಿ ಸುರಿಯಬೇಕು. ಅವಸರ ಮಾಡಿ ಬಿಸಿ ಏರಿದರೆ ಸಿಡಿಯುತ್ತದೆ. ಕಡು ಹಸಿರು ದ್ರವ ನಿಧಾನಕ್ಕೆ ಕಂದು ಅಂಬಲಿಯಾಗುತ್ತದೆ. ಕೊನೆಗೆ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟಾಗ ಒಮ್ಮೆಲೆ ಹೊಳೆಯುವ ಹಳದಿಗೆ ತಿರುಗುತ್ತದೆ. ವಿದ್ಯಾರ್ಥಿಗಳು ಫೋಟೋ ತೆಗೆಯುವುದು ಆಗಲೇ. ಫೋಟೋದಲ್ಲಿ ಬರದೇ ಇರುವುದು ಆಮೇಲಿನ ತೊಳೆತ. ಆಮ್ಲ ಹೋಗುವವರೆಗೆ ತೊಳೆದದ್ದೇ ತೊಳೆದದ್ದು. ಬಕೆಟ್‌ಗಟ್ಟಲೆ ಆಮ್ಲದ, ಮ್ಯಾಂಗನೀಸ್ ತುಂಬಿದ ನೀರು ಹೊರಗೆ. ನೀರು ಶುದ್ಧ ಮಾಡುವ ಪುಡಿಗಾಗಿ ಇಷ್ಟು ನೀರು ಕೆಡಿಸುವುದು ನನಗೆ ಸರಿಬರುವುದಿಲ್ಲ. ಸಣ್ಣ ಪ್ರಮಾಣದಲ್ಲಿ ಕಲಿಯಲು ಸರಿ, ಟನ್‌ಗಟ್ಟಲೆ ಮಾಡುವವರು ಆ ನೀರಿನ ಲೆಕ್ಕವನ್ನೂ ಕೊಡಬೇಕು.

ಬಳಸಿದ ಮೇಲೆ ಪುಡಿ ವಾಪಸ್ ತೆಗೆಯುವುದೂ ಸುಲಭ ಅಲ್ಲ. ಕಣಗಳು ಎಷ್ಟು ಸಣ್ಣ ಅಂದರೆ ಸಾದಾ ಸೋಸುವಿಕೆಗೆ ಸಿಗುವುದಿಲ್ಲ. ಕಬ್ಬಿಣದ ಆಕ್ಸೈಡ್ ಕೂಡಿಸಿ ಅಯಸ್ಕಾಂತದಿಂದ ಎಳೆಯುವ ಉಪಾಯ ಇದೆ. ಗಾಜಿನ ಮಣಿಗಳಿಗೆ ಲೇಪಿಸುವುದೂ ಇದೆ, ಆದರೆ ಆಗ ಕೆಲಸ ಮಾಡುವ ಮೈ ಕಮ್ಮಿಯಾಗಿ ವೇಗ ಇಳಿಯುತ್ತದೆ. ಸತುವಿನ ಆಕ್ಸೈಡ್ ಬಗ್ಗೆ ಬೀದರಿನವರು ಯಾವಾಗಲೂ ಕೇಳುತ್ತಾರೆ, ಬಿದರಿ ಕಲೆಯ ಮಿಶ್ರಲೋಹದಲ್ಲಿ ಹೆಚ್ಚಿನ ಪಾಲು ಸತುವೇ ಅಲ್ವಾ. ಅದು ಅಗ್ಗ, ಕೆಲಸವೂ ಚುರುಕು. ಆದರೆ ಆಮ್ಲದಲ್ಲೂ ಕರಗುತ್ತದೆ, ತೀವ್ರ ಕ್ಷಾರದಲ್ಲೂ ಕರಗುತ್ತದೆ, ಬೆಳಕಿಗೂ ತಾನೇ ಸವೆಯುತ್ತದೆ. ಬಣ್ಣ ತೆಗೆಯಲು ಹೋಗಿ ನೀರಿಗೆ ಸತು ಬಿಟ್ಟ ಹಾಗಾಗುತ್ತದೆ.

ಹಾಗಾದರೆ ಇದಕ್ಕೆ ಜಾಗ ಎಲ್ಲಿ? ನನ್ನ ಅಭಿಪ್ರಾಯದಲ್ಲಿ ಕೊನೆಯ ಹಂತದಲ್ಲಿ. ಮೊದಲು ಸುಣ್ಣ, ಪಟಿಕದಂಥವು ಹಾಕಿ ಕೂರಿಸಬೇಕು, ಆಮೇಲೆ ಬ್ಯಾಕ್ಟೀರಿಯಾಗಳಿಂದ ತಿನ್ನಿಸಬೇಕು. ಇಷ್ಟಾದ ಮೇಲೂ ಉಳಿದ ತೆಳು ಬಣ್ಣಕ್ಕೆ, ಜೀವಾಣುಗಳು ಬಿಟ್ಟ ಗಟ್ಟಿ ಅಣುಗಳಿಗೆ ಇದು ಸರಿ. ಆಗ ನೀರು ತಿಳಿ ಇರುತ್ತದೆ, ಬೆಳಕು ಒಳಗೆ ಹೋಗುತ್ತದೆ. ಸ್ಪೇನಿನ ಅಲ್ಮೇರಿಯಾದಲ್ಲಿ ಬಾಗಿದ ಕನ್ನಡಿಗಳ ನಡುವೆ ಗಾಜಿನ ಕೊಳವೆ ಇಟ್ಟು, ಅದರಲ್ಲಿ ಕೊಳೆ ನೀರು ಮತ್ತು ಟೈಟಾನಿಯಂ ಡೈಆಕ್ಸೈಡ್ ಹರಿಸಿ ಬಿಸಿಲಲ್ಲಿ ಒಡೆಯುವ ಕೆಲಸ ವರ್ಷಗಟ್ಟಲೆ ನಡೆದಿದೆ. ನಮ್ಮ ಬಿಸಿಲು ಅದಕ್ಕೇನೂ ಕಮ್ಮಿ ಇಲ್ಲ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಇದನ್ನ ಮನ್ಯಾಗಿನ ಫಿಲ್ಟರ್‌ದಾಗ ಹಾಕ್ಲಿಕ್ಕೆ ಬರ್ತದೇನ್ರೀ?"

ಬೇಡಮ್ಮ. ನಮ್ಮ ಮನೆ ನೀರಿನ ತೊಂದರೆಯೇ ಬೇರೆ. ಯಾದಗಿರಿ ಜಿಲ್ಲೆಯ ಕೆಲವು ಊರುಗಳ ಬೋರ್ ನೀರಲ್ಲಿ ಫ್ಲೋರೈಡ್ ಇದೆ, ಆರ್ಸೆನಿಕ್ ಕೂಡ ಸಿಕ್ಕಿದೆ. ಅವು ಮೂಲವಸ್ತುಗಳು, ಒಡೆಯಲು ಅಲ್ಲಿ ಏನೂ ಇಲ್ಲ. ರ‍್ಯಾಡಿಕಲ್ ಎಷ್ಟು ಜೋರಿದ್ದರೂ ಆರ್ಸೆನಿಕ್ ಆರ್ಸೆನಿಕ್ ಆಗಿಯೇ ಇರುತ್ತದೆ. ಅದನ್ನು ಹಿಡಿದು ಹೊರಗೆ ಹಾಕುವ ವಿಧಾನಗಳೇ ಬೇಕು.

ಇಲ್ಲೇ ಹತ್ತಿರದ ಫಿರೋಜಾಬಾದ್ ಕಡೆಯ ಹಿರಿಯರೊಬ್ಬರು ಎದ್ದು ನಿಂತರು: "ಅಕ್ಕೋರೇ, ಬಣ್ಣ ಹೋದ ನೀರು ಹೊಲಕ್ಕ ಬಿಟ್ರ ನಡೀತದೇನ್ರೀ? ತೊಗರಿ ಏಳ್ತದೇನು?"

ಕಾಕಾ, ಇವತ್ತಿನ ಎಲ್ಲ ಪ್ರಶ್ನೆಗಳಿಗಿಂತ ಇದು ದೊಡ್ಡದು. ಬಣ್ಣ ಪೂರ್ತಿ ಹೋಗಲಿ, ಸಾವಯವ ಇಂಗಾಲವೂ ಪೂರ್ತಿ ಹೋಗಲಿ ಅಂತ ಇಟ್ಟುಕೊಳ್ಳಿ. ತೊಟ್ಟಿಗೆ ಹಾಕಿದ ಉಪ್ಪು ಎಲ್ಲಿ ಹೋಯಿತು? ಗ್ರಾಫೀನ್ ಆಗಲಿ, ಟೈಟಾನಿಯಂ ಆಗಲಿ ಉಪ್ಪನ್ನು ಮುಟ್ಟುವುದೇ ಇಲ್ಲ. ನಮ್ಮ ಎರೆ ಮಣ್ಣಿಗೆ ಸೋಡಿಯಂ ಸೇರಿದರೆ ಜಿಗುಟು ಕಣಗಳು ಬಿಡಿಬಿಡಿಯಾಗಿ ಮಣ್ಣಿನ ಸಂದಿಗಳು ಮುಚ್ಚುತ್ತವೆ. ಮಳೆ ಬಿದ್ದರೂ ನೀರು ಒಳಗೆ ಇಳಿಯುವುದಿಲ್ಲ, ಒಣಗಿದರೆ ನೇಗಿಲು ಹೋಗುವುದಿಲ್ಲ. ತೊಗರಿಗೆ ಉಪ್ಪು ತಡೆಯುವ ಶಕ್ತಿ ಮೊದಲೇ ಕಮ್ಮಿ. ತಿರುಪ್ಪೂರಿನ ಕೆಳಗಿನ ರೈತರನ್ನು ಕಂಗೆಡಿಸಿದ್ದರಲ್ಲೂ ಬಣ್ಣದಷ್ಟೇ ಪಾಲು ಉಪ್ಪಿನದು. ಉಪ್ಪು ತೆಗೆಯಲು ಆರ್‌ಒ ಬೇಕು. ಆರ್‌ಒ ಬಿಟ್ಟ ಗಟ್ಟಿ ಉಪ್ಪು ನೀರನ್ನು ಆವಿ ಮಾಡಿ ಒಣಗಿಸಬೇಕು. ಬಣ್ಣದ ಘಟಕಗಳ ಖರ್ಚು ಏರುವುದೇ ಅಲ್ಲಿ. ಹಾಗಾಗಿ ನಾಳೆ ನಿಮ್ಮೂರ ಹತ್ತಿರ ಯಾರಾದರೂ ಒಂದು ಗ್ಲಾಸ್ ತಿಳಿ ನೀರು ತೋರಿಸಿ "ನೋಡ್ರಿ, ಎಷ್ಟು ಸ್ವಚ್ಛ ಅದ" ಅಂದರೆ, ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನಂಥವುಗಳ ಒಟ್ಟು ಲೆಕ್ಕ) ಎಷ್ಟು, ಸಿಒಡಿ (ನೀರಲ್ಲಿನ ಕೊಳೆ ಸುಡಲು ಬೇಕಾಗುವ ಆಮ್ಲಜನಕದ ಲೆಕ್ಕ) ಎಷ್ಟು ಅಂತ ಕೇಳಿ. 2016ರ ಕೇಂದ್ರದ ನಿಯಮದಲ್ಲಿ ಜವಳಿ ಘಟಕ ಹೊರಬಿಡುವ ನೀರಿಗೆ ಟಿಡಿಎಸ್ ಲೀಟರ್‌ಗೆ 2100 ಮಿಲಿಗ್ರಾಂ, ಸಿಒಡಿ 250 ಮಿಲಿಗ್ರಾಂ ಮಿತಿ. ಬಣ್ಣಕ್ಕೂ ಬೇರೆ ಮಿತಿ ಇದೆ.

ಕೊನೆಯ ಪ್ರಶ್ನೆ ಎಂಎಸ್ಸಿ ಹುಡುಗನದು: "ಮೇಡಂ, ನಾವು ಪ್ರಾಜೆಕ್ಟ್ ಮಾಡ್ಬೇಕಂದ್ರ ಎಲ್ಲಿಂದ ಶುರು ಮಾಡ್ಬೇಕ್ರೀ?"

ಇನ್ನೊಂದು ಹೊಸ ಮಿಶ್ರಣ ಮಾಡಬೇಡಿ, ಜಗತ್ತಿನಲ್ಲಿ ಸಾಕಷ್ಟಿವೆ. ಗ್ರಾಫೀನ್ ಆಕ್ಸೈಡ್ ಕೊಂಡು ತನ್ನಿ, ಪರ್ಮಾಂಗನೇಟ್ ಮತ್ತು ಗಂಧಕಾಮ್ಲದ ಸಹವಾಸಕ್ಕೆ ಒಬ್ಬರೇ ಹೋಗಬೇಡಿ. ಮೆಥಿಲೀನ್ ಬ್ಲೂ ಬಿಟ್ಟು ಪೇಟೆಯಲ್ಲಿ ಸಿಗುವ ರಿಯಾಕ್ಟಿವ್ ಬಣ್ಣ ತೆಗೆದುಕೊಳ್ಳಿ. ಅದರಲ್ಲಿ ಸೋಡಾ ಬೂದಿ, ಉಪ್ಪು ಹಾಕಿ, ಡಿಸ್ಟಿಲ್ಡ್ ವಾಟರ್ ಬದಲು ಕಾಲೇಜಿನ ಬೋರ್ ನೀರಲ್ಲೇ ಕಲಸಿ. ಒಂದು ಬೀಕರ್‌ಗೆ ಬರೀ ಟೈಟಾನಿಯಂ ಡೈಆಕ್ಸೈಡ್, ಇನ್ನೊಂದಕ್ಕೆ ಅದರ ಜೊತೆ ಸಕ್ರಿಯ ಇದ್ದಿಲು, ಮೂರನೆಯದಕ್ಕೆ ಅದರ ಜೊತೆ ಗ್ರಾಫೀನ್. ನಾಲ್ಕನೆಯದಕ್ಕೆ ಏನೂ ಹಾಕದೆ ಬಿಸಿಲಲ್ಲಿಡಿ, ಯಾಕೆಂದರೆ ಬರೀ ಬಿಸಿಲಿಗೇ ಎಷ್ಟು ಬಣ್ಣ ಹೋಗುತ್ತದೆ ಅಂತ ಗೊತ್ತಾಗಬೇಕು. ಇಂಥದೇ ನಾಲ್ಕು ಕತ್ತಲಲ್ಲಿ. ಮೂರನೆಯ ಬೀಕರ್ ಎರಡನೆಯದಕ್ಕಿಂತ ಮುಂದೆ ಹೋಗದಿದ್ದರೆ ಹಾಗೆಯೇ ಬರೆಯಿರಿ. ಹೆಸರುಕಾಳಿನ ತಟ್ಟೆಗಳನ್ನು ಮರೆಯಬೇಡಿ, ಪ್ರತಿ ಬೀಕರ್‌ಗೂ ಒಂದು.